ಕೋವಿ ತಪ್ಪಿತೋ, ಕೈ ತಪ್ಪಿತೋ?

ಕೊಡಗಿನಲ್ಲಿ ಗುರಿ ತಪ್ಪಿದವನಿಗೆ ನೆಪಗಳಿಗೇನೂ ಬರವಿಲ್ಲ. ಗಾಳಿ ಬೀಸಿತು, ತೋಟಾ ಹಳೆಯದು, ತೆಂಗಿನಕಾಯಿ ಸಣ್ಣದು, ಹೊಡೆಯುವ ಹೊತ್ತಿಗೆ ಪಕ್ಕದವನು ಕೆಮ್ಮಿದ. ಎಲ್ಲವನ್ನೂ ಊರು ನಗುತ್ತಾ ಕೇಳಿಸಿಕೊಳ್ಳುತ್ತದೆ. ಆದರೆ ಎಪ್ಪತ್ತು ದಾಟಿದವರು ಗುರಿ ತಪ್ಪಿದಾಗ ಮಾತ್ರ ಯಾರೂ ನೆಪ ಕೇಳುವುದಿಲ್ಲ. ‘ವಯಸ್ಸಾಯಿತಲ್ಲ’ ಎಂದು ತಾವೇ ಮೆಲ್ಲಗೆ ತೀರ್ಪು ಕೊಟ್ಟುಬಿಡುತ್ತಾರೆ.

ನನ್ನ ದೊಡ್ಡಪ್ಪನ ವಿಷಯದಲ್ಲಿ ಆದದ್ದೂ ಅದೇ. ಅವರಿಗೆ ಈಗ 72. ಕೈಲು ಮುಹೂರ್ತದ ತೆಂಗಿನಕಾಯಿ ಗುರಿಯಲ್ಲಿ ಮೂವತ್ತು ವರ್ಷ ನಮ್ಮ ಕುಟುಂಬದ ಪರವಾಗಿ ನಿಂತವರು. ಒಂದು ವರ್ಷ ಮೂರಕ್ಕೆ ಮೂರೂ ತಪ್ಪಿತು. ಮರುವರ್ಷವೂ ಮೂರೂ ತಪ್ಪಿತು. ಮೈಸೂರಿನ ಕಣ್ಣಿನ ಡಾಕ್ಟರು ಅದೇ ಸಮಯಕ್ಕೆ ಪೊರೆ ಶುರುವಾಗಿದೆ ಎಂದಿದ್ದರಿಂದ ಎಲ್ಲ ಸರಿಹೊಂದಿತು. ಇನ್ನು ತಾನು ಕೋವಿ ಮುಟ್ಟುವುದಿಲ್ಲ, ಅಜ್ಜನ ಕಾಲದ ರೈಫಲನ್ನು ಯಾರಿಗಾದರೂ ಕೊಟ್ಟುಬಿಡಿ ಎಂದು ದೊಡ್ಡಪ್ಪ ಹೇಳಿಬಿಟ್ಟರು. ಪುಣೆಗೆ ಈ ಸುದ್ದಿ ಫೋನಿನಲ್ಲಿ ಬಂದಾಗ ನನಗೆ ಅನುಮಾನ ಹುಟ್ಟಿದ್ದು ಒಂದೇ ಕಡೆ. ಇಡೀ ಮನೆ ಕಣ್ಣನ್ನು ಪರೀಕ್ಷೆ ಮಾಡಿಸಿತ್ತು, ಕೋವಿಯನ್ನು ಯಾರೂ ಪರೀಕ್ಷೆ ಮಾಡಿರಲಿಲ್ಲ.

ಮುಂದಕ್ಕೆ ಹೋಗುವ ಮೊದಲು, ಮುಂಬೈ, ದೆಹಲಿ ಕಡೆಯ ಓದುಗರಿಗಾಗಿ ಸ್ವಲ್ಪ ಹಿನ್ನೆಲೆ. ನಮ್ಮ ಮನೆಯಲ್ಲಿ ಕೋವಿ ಇದೆ ಎಂದರೆ ನನ್ನ ಮರಾಠಿ ಸಹೋದ್ಯೋಗಿಗಳ ಹುಬ್ಬು ಇನ್ನೂ ಮೇಲೇರುತ್ತದೆ. ಬ್ರಿಟಿಷರ ಕಾಲದಿಂದ ಕೊಡವರಿಗೂ, ಕೊಡಗಿನ ಜಮ್ಮಾ ಹಿಡುವಳಿದಾರರಿಗೂ ಕೋವಿ ಲೈಸೆನ್ಸಿನಿಂದ ವಿನಾಯಿತಿ ಇದೆ. ನಾವು ಜಮ್ಮಾ ಜಮೀನಿನ ಗೌಡರು, ಹಾಗಾಗಿ ನಮಗೂ ಅನ್ವಯಿಸುತ್ತದೆ. ಕೇಂದ್ರ ಗೃಹ ಇಲಾಖೆ 2019ರಲ್ಲಿ ಇದನ್ನು ಇನ್ನು ಹತ್ತು ವರ್ಷಕ್ಕೆ ವಿಸ್ತರಿಸಿತು. ಇದನ್ನು ಪ್ರಶ್ನಿಸಿದ ಅರ್ಜಿಯನ್ನು ಕರ್ನಾಟಕ ಹೈಕೋರ್ಟ್ 2021ರಲ್ಲಿ ತಳ್ಳಿಹಾಕಿತು. ಲೈಸೆನ್ಸ್ ಬೇಡ ಎಂದರೆ ಕಾನೂನೇ ಬೇಡ ಎಂದಲ್ಲ. ವಿನಾಯಿತಿ ಪತ್ರ ಇರಬೇಕು, ಕೋವಿಯ ಲೆಕ್ಕ ಸರ್ಕಾರದ ಬಳಿ ಇರುತ್ತದೆ. ಮತ್ತು 1972ರ ವನ್ಯಜೀವಿ ಕಾಯ್ದೆಯ ಮೇಲೆ ಬೇಟೆ ಮುಗಿದ ಅಧ್ಯಾಯ. ನಾಟಿ ಮುಗಿದ ಮೇಲೆ ಆಯುಧಗಳನ್ನು ದೇವರ ಕೋಣೆಯಲ್ಲಿಟ್ಟು, ಗಂಧ ಹಚ್ಚಿ, ಕೋವಿಯ ಮೂತಿಗೆ ತೋಕ್ ಪೂ ಸಿಕ್ಕಿಸಿ ಪೂಜಿಸುವ ಕೈಲು ಮುಹೂರ್ತ ಒಂದು ಕಾಲದಲ್ಲಿ ಬೇಟೆಯ ಕಾಲದ ಆರಂಭವೂ ಆಗಿತ್ತು. ಈಗ ಹಂದಿಯ ಜಾಗದಲ್ಲಿ ತೆಂಗಿನಕಾಯಿ ಬಂದಿದೆ. ಹಂದಿಗೆ ಒಳ್ಳೆಯದಾಯಿತು. ಗುರಿಕಾರರಿಗೆ ಕಷ್ಟವಾಯಿತು, ಯಾಕೆಂದರೆ ಸುಲಿದ ಕಾಯಿ ಹೆಚ್ಚೆಂದರೆ ಹತ್ತು ಸೆಂಟಿಮೀಟರ್ ಅಗಲ.

ನಮ್ಮ ರೈಫಲ್ ಪಾಯಿಂಟ್ 22 ಬೋರಿನದು, ಬೋಲ್ಟ್ ಎಳೆದು ಒಂದೊಂದೇ ಗುಂಡು ಹೊಡೆಯುವಂಥದ್ದು. ಅಜ್ಜ ಕಾಡುಕೋಳಿ, ಮೊಲಕ್ಕೆಂದು 1964ರಲ್ಲಿ ತಂದದ್ದು. ಮರದ ಹಿಡಿ, ಕಬ್ಬಿಣದ ಗುರಿಕಣ್ಣು. ಹದಿನೈದು ವರ್ಷದ ಹಿಂದೆ ಚಿಕ್ಕಪ್ಪನ ಮಗ ಅದರ ಮೇಲೊಂದು ಸ್ಕೋಪ್ ಕೂರಿಸಿದ.

ನಾನು ಚಿಂಚ್‌ವಾಡದ ಒಂದು ಕಾರ್ಖಾನೆಯಲ್ಲಿ ಗುಣಮಟ್ಟ ವಿಭಾಗದಲ್ಲಿದ್ದೇನೆ. ಭಾಗ ಕೆಟ್ಟು ಬಂದರೆ ಯಂತ್ರದ ತಪ್ಪೋ, ಆಪರೇಟರ್ ತಪ್ಪೋ, ಕಚ್ಚಾ ಮಾಲಿನ ತಪ್ಪೋ ಎಂದು ಹುಡುಕುವುದು ನನ್ನ ಅನ್ನ. ವಾರಾಂತ್ಯಗಳಲ್ಲಿ ಬಾಲೇವಾಡಿಯ ರೇಂಜಿಗೆ ಹೋಗಿ ಒಂದಷ್ಟು ಕಾಲ ಗುರಿ ಅಭ್ಯಾಸ ಮಾಡಿದ್ದೂ ಉಂಟು. ಕಳೆದ ವರ್ಷ ಆಟಿ ಹದಿನೆಂಟಕ್ಕೆ ಮದ್ದುಸೊಪ್ಪಿನ ಪಾಯಸದ ನೆಪ ಹೇಳಿ ಒಂದು ವಾರ ರಜೆ ಹಾಕಿ ಊರಿಗೆ ಹೋದೆ. ಚೀಲದಲ್ಲಿ ವರ್ನಿಯರ್, ಟೇಪು, ಬಿಳಿ ಕಾಗದದ ಕಟ್ಟು.

ಮೊದಲ ಕೆಲಸ ತೆಂಗಿನಕಾಯಿಯನ್ನು ಬಿಡುವುದು. ತೆಂಗಿನಕಾಯಿ ಹೌದು ಅಥವಾ ಅಲ್ಲ ಎನ್ನುತ್ತದೆ, ಅಷ್ಟೇ. ತಪ್ಪಿದ ಗುಂಡು ಎಡಕ್ಕೆ ಹೋಯಿತೋ, ಕೆಳಕ್ಕೆ ಹೋಯಿತೋ, ಹಿಂದಿನ ಗುಂಡು ಹೋದ ಜಾಗಕ್ಕೇ ಹೋಯಿತೋ ಅದಕ್ಕೆ ಗೊತ್ತಿಲ್ಲ. ಕಾಗದ ಎಲ್ಲವನ್ನೂ ಬರೆದಿಟ್ಟುಕೊಳ್ಳುತ್ತದೆ. ಎರಡು ವರ್ಷ ನಮ್ಮ ಮನೆಯವರು ಮಾಡಿದ್ದೇನೆಂದರೆ, ಒಂದು ಗುಂಡು ತಪ್ಪಿದ ಕೂಡಲೇ ಸ್ಕೋಪಿನ ತಿರುಪನ್ನು ನಾಲ್ಕು ಕ್ಲಿಕ್ ಅತ್ತ, ಇನ್ನೊಂದು ತಪ್ಪಿದರೆ ಆರು ಕ್ಲಿಕ್ ಇತ್ತ ತಿರುಗಿಸುವುದು. ಸಾಮಾನ್ಯ ಸ್ಕೋಪಿನಲ್ಲಿ ಒಂದು ಕ್ಲಿಕ್ ಎಂದರೆ ಕಾಲು ಮಿನಿಟ್ ಕೋನ. 50 ಮೀಟರಿನಲ್ಲಿ ಅದು ಸುಮಾರು 3.6 ಮಿಲಿಮೀಟರ್. ಕೋವಿಯೇ ಒಂಬತ್ತು ಸೆಂಟಿಮೀಟರ್ ಚದುರಿಸುತ್ತಿದ್ದರೆ ಒಂದು ಗುಂಡು ನೋಡಿ ಕ್ಲಿಕ್ ತಿರುಗಿಸುವುದು ಬಸ್ಸು ಹೋದ ಮೇಲೆ ಗಡಿಯಾರ ಮುಂದಿಟ್ಟ ಹಾಗೆ. ಗುಂಪು ಮೊದಲು ಚಿಕ್ಕದಾಗಬೇಕು, ಆಮೇಲೆ ಅದನ್ನು ಮಧ್ಯಕ್ಕೆ ತರಬೇಕು. ನನ್ನ ಪ್ರಕಾರ ಈ ವಿಷಯದಲ್ಲಿ ಜನ ಎಡವುವುದು ಎಲ್ಲಕ್ಕಿಂತ ಹೆಚ್ಚಾಗಿ ಇಲ್ಲೇ.

ಮಳೆ ಬಿಟ್ಟ ಒಂದು ಬೆಳಿಗ್ಗೆ ಕಾಫಿ ಕಣದ ಶೆಡ್ಡಿನೊಳಗೆ ಮೇಜು ಹಾಕಿದೆವು. ಎದುರಿಗೆ ಟೇಪು ಹಿಡಿದು 50 ಮೀಟರ್. ಅದರ ಹಿಂದೆ ರಸ್ತೆಗಾಗಿ ಕಡಿದ ಎತ್ತರದ ಬರೆ, ಗುಂಡು ದಾಟಿ ಹೋಗುವ ಮಾತೇ ಇಲ್ಲದ ಕೆಂಪು ಮಣ್ಣು. ಆ ದಿನ ಆ ಕಡೆ ಆಳುಗಳನ್ನು ಕೆಲಸಕ್ಕೆ ಕಳಿಸಲಿಲ್ಲ. ದಾರಿಯ ಎರಡು ತುದಿಯಲ್ಲೂ ಒಬ್ಬೊಬ್ಬರು ನಿಂತರು. ಮೇಜಿನ ಮೇಲೆ ಮರಳು ತುಂಬಿದ ಎರಡು ಚೀಲ, ಒಂದು ಮುಂದಿನ ಮರದ ಕೆಳಗೆ, ಒಂದು ಹಿಂದಿನ ಬುಡದ ಕೆಳಗೆ. ನಳಿಗೆ ಚೀಲಕ್ಕೆ ತಾಗಬಾರದು. ತಾಗಿದರೆ ಪ್ರತಿ ಗುಂಡಿಗೂ ಅದು ಬೇರೆ ರೀತಿ ಕುಪ್ಪಳಿಸುತ್ತದೆ.

ಪಕ್ಕದ ತೋಟದವರಲ್ಲಿ ಇನ್ನೊಂದು ಪಾಯಿಂಟ್ 22 ರೈಫಲ್ ಇದೆ, ನಂಬಿಕಸ್ಥ ಕೋವಿ. ಆ ಮನೆಯ ಹುಡುಗನಿಗೆ 28 ವರ್ಷ, ಒಳ್ಳೆಯ ಗುರಿಕಾರ. ಅವನನ್ನೂ ಅವನ ಕೋವಿಯನ್ನೂ ಕರೆಸಿದೆ. ಲೆಕ್ಕ ಸುಲಭ: ಇಬ್ಬರು ಮನುಷ್ಯರು, ಎರಡು ಕೋವಿ, ಒಂದೇ ಪೆಟ್ಟಿಗೆಯ ತೋಟಾ. ಪ್ರತಿಯೊಬ್ಬರೂ ಪ್ರತಿ ಕೋವಿಯಲ್ಲಿ ಐದೈದು ಗುಂಡಿನ ಎರಡು ಗುಂಪು. ಒಟ್ಟು 40 ಗುಂಡು. ದೊಡ್ಡಪ್ಪ ಮೊದಲು ಒಪ್ಪಲಿಲ್ಲ. ‘ಹುಡುಗನ ಮುಂದೆ ನನ್ನನ್ನು ಕೂರಿಸಿ ಏನು ತೋರಿಸಬೇಕೆಂದಿದ್ದೀಯೋ?’ ಎಂದರು. ದೊಡ್ಡಮ್ಮ ಅಡುಗೆಮನೆಯಿಂದಲೇ, ‘ಅವನು ಅಷ್ಟು ದೂರದಿಂದ ಬಂದಿದ್ದಾನೆ, ಕೂತುಕೊಳ್ಳಿ’ ಎಂದ ಮೇಲೆ ಕೂತರು.

ಗುಂಪನ್ನು ಅಳೆಯುವ ಕ್ರಮ ಇದು: ಅತಿ ದೂರದ ಎರಡು ತೂತುಗಳ ಹೊರ ಅಂಚಿನಿಂದ ಹೊರ ಅಂಚಿಗೆ ವರ್ನಿಯರ್ ಇಟ್ಟು, ಬಂದ ಅಳತೆಯಿಂದ ಗುಂಡಿನ ವ್ಯಾಸ, ಅಂದರೆ ಸುಮಾರು 5.6 ಮಿ.ಮೀ. ಕಳೆಯಬೇಕು. ಹುಡುಗ ತನ್ನ ಕೋವಿಯಲ್ಲಿ ಹೊಡೆದದ್ದು 27 ಮತ್ತು 29 ಮಿ.ಮೀ. ದೊಡ್ಡಪ್ಪ ಅದೇ ಕೋವಿಯಲ್ಲಿ 31 ಮತ್ತು 34. ನಮ್ಮ ಕೋವಿಯಲ್ಲಿ ದೊಡ್ಡಪ್ಪ 92 ಮತ್ತು 88. ಅದೇ ಕೋವಿಯಲ್ಲಿ ಹುಡುಗ 85 ಮತ್ತು 96.

ಈ ಎಂಟು ಸಂಖ್ಯೆಗಳನ್ನು ಒಂದು ಚೀಟಿಯಲ್ಲಿ ಬರೆದು ದೊಡ್ಡಪ್ಪನ ಮುಂದಿಟ್ಟೆ. ಅವರು ಬಹಳ ಹೊತ್ತು ನೋಡಿದರು. ಏನೂ ಹೇಳಲಿಲ್ಲ. ಒಳಗೆ ಹೋಗಿ ಕನ್ನಡಕ ಒರೆಸಿಕೊಂಡು ಬಂದು ಮತ್ತೊಮ್ಮೆ ನೋಡಿದರು. ಆಮೇಲೆ, ‘ಹಾಗಾದರೆ ಇದಕ್ಕೇನೋ ರೋಗ ಇದೆ’ ಎಂದರು, ಕೋವಿಯ ಕಡೆ ಬೆರಳು ಮಾಡಿ. ಎರಡು ವರ್ಷದಲ್ಲಿ ಅವರ ಬಾಯಿಂದ ಕೋವಿಯ ಬಗ್ಗೆ ಬಂದ ಮೊದಲ ಮಾತು ಅದು ಎಂದು ದೊಡ್ಡಮ್ಮ ಆಮೇಲೆ ಹೇಳಿದರು.

ರೋಗ ಯಾವುದು ಎಂದು ಕಾಗದವೇ ಅರ್ಧ ಹೇಳಿತ್ತು. ಗುಂಡುಗಳು ಸುಮ್ಮನೆ ಚದುರಿರಲಿಲ್ಲ. ಮೂರು ಕೆಳಗೆ, ಎರಡು ಮೇಲೆ. ನಡುವೆ ಆರು ಸೆಂಟಿಮೀಟರ್ ಖಾಲಿ. ಇಬ್ಬರು ಹೊಡೆದಾಗಲೂ ಇದೇ ಎರಡು ಗುಂಪು. ಪ್ರತಿಯೊಂದು ಚಿಕ್ಕ ಗುಂಪೂ ತನ್ನಷ್ಟಕ್ಕೆ ಚೊಕ್ಕ. ನಳಿಗೆ ಸವೆದು ಹೋಗಿದ್ದರೆ ಗುಂಡುಗಳು ಎಲ್ಲ ದಿಕ್ಕಿಗೂ ಚೆಲ್ಲಾಡುತ್ತವೆ. ತೋಟಾಗಳ ವೇಗದಲ್ಲಿ ಹೆಚ್ಚುಕಮ್ಮಿ ಇದ್ದರೆ ಗುಂಡುಗಳು ಮೇಲಿಂದ ಕೆಳಕ್ಕೆ ದಾರದಂತೆ ಸಾಲಾಗಿ ಬೀಳುತ್ತವೆ, ನಡುವೆ ಹೀಗೆ ಖಾಲಿ ಬಿಡುವುದು ಅಪರೂಪ. ಟ್ರಿಗರ್ ಎಳೆಯುವಾಗ ಕೈ ಜಗ್ಗುವವರದು ಹೆಚ್ಚಾಗಿ ಒಂದು ಪಕ್ಕಕ್ಕೆ ವಾಲುತ್ತದೆ. ಎರಡು ಸ್ಪಷ್ಟ ಗುಂಪು ಕಂಡರೆ, ಕೋವಿಯಲ್ಲಿ ಏನೋ ಒಂದು ಎರಡು ಜಾಗದಲ್ಲಿ ಕೂರುತ್ತಿದೆ ಎಂದು ಅರ್ಥ. ಪ್ರತಿ ಹೊಡೆತಕ್ಕೂ ಅದು ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಜಿಗಿಯುತ್ತಿದೆ. ಹಾಗೆ ಕೂರಬಹುದಾದದ್ದು ಎರಡೇ: ಮೇಲಿರುವ ಸ್ಕೋಪ್, ಅಥವಾ ಕೆಳಗಿರುವ ಮರ.

ಒಂದು ಸಲಕ್ಕೆ ಒಂದೇ ಬದಲಾವಣೆ ಎನ್ನುವುದು ನಮ್ಮ ಕಾರ್ಖಾನೆಯ ನಿಯಮ. ಸ್ಕೋಪ್ ಬಿಗಿಮಾಡಿ, ನಳಿಗೆ ತೊಳೆದು, ಹೊಸ ತೋಟಾ ಹಾಕಿ ಒಟ್ಟಿಗೇ ಹೊಡೆದರೆ, ಸರಿಯಾದರೂ ಯಾವುದರಿಂದ ಸರಿಯಾಯಿತು ಎಂದು ತಿಳಿಯುವುದಿಲ್ಲ. ಮುಂದಿನ ಮಳೆಗಾಲಕ್ಕೆ ಅದೇ ಕಥೆ.

ಸ್ಕೋಪಿನಿಂದ ಶುರುಮಾಡಿದೆ, ಯಾಕೆಂದರೆ ಅದನ್ನು ನೋಡುವುದು ಸುಲಭ, ಮತ್ತು ಹತ್ತರಲ್ಲಿ ಐದು ಸಲ ತಪ್ಪು ಅಲ್ಲೇ ಇರುತ್ತದೆ. ಬೋಲ್ಟ್ ತೆಗೆದು, ಕೋವಿ ಖಾಲಿಯಿದೆ ಎಂದು ಬೆರಳು ಹಾಕಿ ನೋಡಿ, ಆಮೇಲೆ ಸ್ಕ್ರೂಗಳಿಗೆ ಕೈ ಹಾಕಿದೆ. ಹಿಂದಿನ ಉಂಗುರದ ಒಂದು ಸ್ಕ್ರೂ ಕಾಲು ಸುತ್ತು ಸಡಿಲವಾಗಿತ್ತು. ಹುಡುಗ ‘ಸಿಕ್ಕಿತು ಕಳ್ಳ’ ಎಂದ. ಬಿಗಿಮಾಡಿ ಐದು ಗುಂಡು ಹೊಡೆಸಿದೆ: 90. ಕಳ್ಳ ಸಿಕ್ಕಿರಲಿಲ್ಲ.

ಅಷ್ಟರಲ್ಲಿ ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. ಕೋವಿಯನ್ನು ಚೀಲಗಳ ಮೇಲೆ ಅಲುಗದ ಹಾಗೆ ಇಟ್ಟು, ಮುಟ್ಟದೆ, ಸ್ಕೋಪಿನ ಹಿಂದೆ ತಲೆಯನ್ನು ಮಾತ್ರ ಮೇಲೆ ಕೆಳಗೆ ಆಡಿಸಿದರೆ ಅಡ್ಡಗೀಟು ಕಾಗದದ ಮೇಲೆ ಸರಿದಾಡುತ್ತಿತ್ತು. ಇದಕ್ಕೆ ಪ್ಯಾರಲಾಕ್ಸ್ ಎನ್ನುತ್ತಾರೆ. ದೊಡ್ಡ ರೈಫಲುಗಳಿಗೆ ಮಾಡಿದ ಸ್ಕೋಪುಗಳನ್ನು ಸಾಮಾನ್ಯವಾಗಿ 100 ಗಜ ಅಥವಾ ಅದಕ್ಕಿಂತ ದೂರಕ್ಕೆ ಹೊಂದಿಸಿರುತ್ತಾರೆ. ಪಾಯಿಂಟ್ 22ರ ಸ್ಕೋಪುಗಳನ್ನು 50 ಗಜದ ಆಸುಪಾಸಿಗೆ. ನಮ್ಮ ಕೋವಿಯ ಮೇಲೆ ಕೂತಿದ್ದು ದೊಡ್ಡ ರೈಫಲಿನ ಸ್ಕೋಪ್. ಕೆನ್ನೆಯನ್ನು ಪ್ರತಿ ಸಲ ಒಂದೇ ಜಾಗಕ್ಕೆ ಒತ್ತಿದರೆ ಇದು ಅಷ್ಟಾಗಿ ಕಾಡುವುದಿಲ್ಲ. ಸ್ಪರ್ಧೆಯ ಗಡಿಬಿಡಿಯಲ್ಲಿ ನಿಂತು ಹೊಡೆಯುವವರನ್ನು ಕಾಡುತ್ತದೆ. ಬರೆದಿಟ್ಟುಕೊಂಡೆ. ಆದರೆ ಇದು ಆರು ಸೆಂಟಿಮೀಟರ್ ಖಾಲಿ ಜಾಗಕ್ಕೆ ಉತ್ತರವಾಗಿರಲಿಲ್ಲ.

ಹಳೆಯ ಕೋವಿಯ ಒಂದು ಅನುಕೂಲವೆಂದರೆ ಕಬ್ಬಿಣದ ಗುರಿಕಣ್ಣು ಇನ್ನೂ ಇರುವುದು. ಸ್ಕೋಪನ್ನು ಪೂರ್ತಿ ಬಿಚ್ಚಿ ಪಕ್ಕಕ್ಕಿಟ್ಟೆವು. ಹುಡುಗ ಬರಿಗಣ್ಣಿನಲ್ಲಿ ಹತ್ತು ಗುಂಡು ಹೊಡೆದ. ಗುಂಪುಗಳು ಸ್ವಲ್ಪ ಅಗಲವಾದವು, ಅದು ಸಹಜ. ಆದರೆ ಮತ್ತೆ ಎರಡೇ ಗುಂಪು, ಒಂದು ಮೇಲೆ, ಒಂದು ಕೆಳಗೆ. ಸ್ಕೋಪ್ ನಿರಪರಾಧಿ ಎಂದು ಅಲ್ಲಿಗೆ ತೀರ್ಮಾನವಾಯಿತು. ಹೊಸ ಸ್ಕೋಪಿಗೆ ಹದಿನೈದು ಸಾವಿರ ಸುರಿಯಲು ಸಿದ್ಧನಾಗಿದ್ದ ಚಿಕ್ಕಪ್ಪನ ಮಗನಿಗೆ ಈ ಹತ್ತು ಗುಂಡು ಅಷ್ಟು ದುಡ್ಡು ಉಳಿಸಿದವು.

ತೋಟಾದ ಬಗ್ಗೆ ಎರಡು ಮಾತು. ಪಾಯಿಂಟ್ 22ರ ತೋಟಾಗಳನ್ನು ಮನೆಯಲ್ಲಿ ತುಂಬಿಸುವ ಹಾಗಿಲ್ಲ, ಕಾರ್ಖಾನೆ ಕೊಟ್ಟದ್ದನ್ನೇ ಹೊಡೆಯಬೇಕು. ಪ್ರತಿ ನಳಿಗೆಗೂ ತನ್ನದೇ ರುಚಿ. ಒಂದು ಕಂಪನಿಯ ತೋಟಾ ಒಪ್ಪುತ್ತದೆ, ಇನ್ನೊಂದರದು ಒಪ್ಪುವುದಿಲ್ಲ. ಬೆಲೆಗೂ ಇದಕ್ಕೂ ಸಂಬಂಧವಿಲ್ಲ. ಶಬ್ದದ ವೇಗಕ್ಕಿಂತ ಸ್ವಲ್ಪ ಕೆಳಗೇ, ಸೆಕೆಂಡಿಗೆ 330 ಮೀಟರ್ ಆಸುಪಾಸಿನಲ್ಲಿ ಹೋಗುವ ಸಾಮಾನ್ಯ ವೇಗದ ತೋಟಾ ಗುರಿಗೆ ಸಾಮಾನ್ಯವಾಗಿ ಮೇಲು. ಜೋರಾಗಿ ಹೋಗುವ ತೋಟಾ ತಂದು ‘ಪವರ್ ಇದೆ’ ಎಂದು ಹೆಮ್ಮೆಪಡುವವರು ನಮ್ಮೂರಲ್ಲಿ ಬೇಕಾದಷ್ಟಿದ್ದಾರೆ. ತೆಂಗಿನಕಾಯಿಗೆ ಪವರ್ ಬೇಕಿಲ್ಲ. ಒಂದರಿಂದ ಇನ್ನೊಂದು ತರಹದ ತೋಟಾಕ್ಕೆ ಬದಲಿಸಿದ ಮೇಲೆ ಮೊದಲ ಹತ್ತು ಗುಂಡನ್ನು ಲೆಕ್ಕಕ್ಕೆ ಹಿಡಿಯಬೇಡಿ; ಸೀಸದ ಗುಂಡಿನ ಮೇಲಿನ ಮೇಣ ನಳಿಗೆಯೊಳಗೆ ಹದವಾಗಿ ಹರಡಿಕೊಳ್ಳಬೇಕು. ನಳಿಗೆಯನ್ನು ತಿಕ್ಕಿ ತೊಳೆದ ಮೇಲೂ ಹೀಗೇ. ನಮ್ಮ ವಿಷಯದಲ್ಲಿ ತೋಟಾವನ್ನು ಬಿಟ್ಟುಬಿಟ್ಟೆ, ಅದೇ ಪೆಟ್ಟಿಗೆ ಪಕ್ಕದ ಕೋವಿಯಲ್ಲಿ 30 ಮಿ.ಮೀ. ಕೊಟ್ಟಿತ್ತಲ್ಲ.

ನಳಿಗೆಯ ಮೂತಿಯನ್ನು ಮಾತ್ರ ಬಿಡಲಿಲ್ಲ. ಗುಂಡು ಕೋವಿಯನ್ನು ಕಟ್ಟಕಡೆಗೆ ಮುಟ್ಟುವುದು ಆ ಅಂಚನ್ನು. ಅಲ್ಲೊಂದು ಸಣ್ಣ ಪೆಟ್ಟಿದ್ದರೂ ಹಿಂದಿನಿಂದ ತಳ್ಳುವ ಗಾಳಿ ಒಂದು ಬದಿಯಿಂದ ಮೊದಲು ನುಗ್ಗಿ ಗುಂಡಿನ ಬುಡವನ್ನು ಓರೆಮಾಡುತ್ತದೆ. ಕಿವಿಗೆ ಹಾಕುವ ಹತ್ತಿಕಡ್ಡಿಯನ್ನು ಒಳಗಿನ ಅಂಚಿನ ಸುತ್ತ ತಿರುಗಿಸಿ ಎಳೆದರೆ, ಗೀರಿದ್ದಲ್ಲಿ ಎಳೆ ಸಿಕ್ಕಿಕೊಳ್ಳುತ್ತದೆ. ನಮ್ಮದರಲ್ಲಿ ಸಿಕ್ಕಲಿಲ್ಲ. ದೊಡ್ಡಪ್ಪ ಯಾವತ್ತೂ ಬೋಲ್ಟ್ ತೆಗೆದು ಹಿಂದಿನಿಂದಲೇ ಕಡ್ಡಿ ಹಾಕಿ ಒರೆಸುತ್ತಿದ್ದವರು. ಮೂತಿಯಿಂದ ಕಡ್ಡಿ ತುರುಕುವ ಮನೆಗಳಲ್ಲಿ ಈ ಅಂಚು ಒಂದು ಪಕ್ಕ ಸವೆದಿರುತ್ತದೆ. ಹಾಗಿದ್ದರೆ ಅದನ್ನು ಮನೆಯ ಅರದಲ್ಲಿ ಉಜ್ಜಬೇಡಿ, ಲೇತ್ ಇರುವವರ ಕೆಲಸ ಅದು.

ಉಳಿದದ್ದು ಮರ.

ಹತ್ತು ರೂಪಾಯಿಯ ಒಂದು ನೋಟನ್ನು ನಳಿಗೆಗೂ ಮುಂದಿನ ಮರಕ್ಕೂ ನಡುವೆ ಸೇರಿಸಿ ಹಿಂದಕ್ಕೆ ಎಳೆದೆ. ನಳಿಗೆಯನ್ನು ಮರಕ್ಕೆ ತಾಗದಂತೆ ಬಿಟ್ಟ ಕೋವಿಯಾದರೆ ನೋಟು ಸಲೀಸಾಗಿ ಹಿಂದಿನವರೆಗೂ ಬರಬೇಕು. ಕೆಲವು ಕೋವಿಗಳಲ್ಲಿ ಮರದ ತುದಿ ನಳಿಗೆಯನ್ನು ಬೇಕೆಂದೇ ಒತ್ತುವ ಹಾಗೆ ಮಾಡಿರುತ್ತಾರೆ, ಆದರೆ ಆ ಒತ್ತಡ ಪ್ರತಿ ಸಲ ಒಂದೇ ಆಗಿರಬೇಕು. ನಮ್ಮದರಲ್ಲಿ ನೋಟು ಎಡಗಡೆ ಅರ್ಧದಾರಿಯಲ್ಲೇ ಸಿಕ್ಕಿಕೊಂಡಿತು. ಮರ ನೀರು ಹೀರಿದರೆ ಉದ್ದಕ್ಕೆ ಹೆಚ್ಚೇನೂ ಬೆಳೆಯುವುದಿಲ್ಲ, ಅಡ್ಡಕ್ಕೆ ಉಬ್ಬುತ್ತದೆ. ಜೂನಿನಿಂದ ಬಟ್ಟೆಯೇ ಒಣಗದ ಊರಿನಲ್ಲಿ ಆಗಸ್ಟ್ ಹೊತ್ತಿಗೆ ಕೋವಿಯ ಮರ ಫೆಬ್ರುವರಿಯ ಮರವಾಗಿರುವುದಿಲ್ಲ. ಸ್ಪರ್ಧೆ ನಡೆಯುವುದು ಸೆಪ್ಟೆಂಬರ್ 3ರ ಸುತ್ತಮುತ್ತ, ಮಳೆಯನ್ನೆಲ್ಲ ಕುಡಿದ ಮೇಲೆ. ಹೆಚ್ಚಿನವರು ಕೋವಿಯನ್ನು ಹೊಂದಿಸುವುದು ಬೇಸಿಗೆಯಲ್ಲಿ.

ಎರಡನೆಯ ಪರೀಕ್ಷೆಗೆ ಬೆರಳೇ ಸಾಕು. ಕೋವಿಯನ್ನು ಬುಡದ ಮೇಲೆ ನಿಲ್ಲಿಸಿ, ನಳಿಗೆ ಮತ್ತು ಮರ ಸೇರುವ ಗೆರೆಯ ಮೇಲೆ ಬೆರಳಿಟ್ಟು, ಕೆಳಗಿನ ಮುಂದಿನ ಸ್ಕ್ರೂವನ್ನು ನಿಧಾನವಾಗಿ ಸಡಿಲಿಸಬೇಕು. ಎಲ್ಲ ಸರಿಯಾಗಿ ಕೂತಿದ್ದರೆ ಬೆರಳಿಗೆ ಏನೂ ತಿಳಿಯುವುದಿಲ್ಲ. ನಮ್ಮದರಲ್ಲಿ ಸ್ಕ್ರೂ ಅರ್ಧ ಸುತ್ತು ಬರುವಷ್ಟರಲ್ಲಿ ನಳಿಗೆ ಮರದಿಂದ ಮೇಲಕ್ಕೆ ಎದ್ದದ್ದು ದೊಡ್ಡಪ್ಪನ ಬೆರಳಿಗೇ ಗೊತ್ತಾಯಿತು. ಅವರು ಕೈ ತೆಗೆದು, ಮತ್ತೆ ಇಟ್ಟು, ಇನ್ನೊಮ್ಮೆ ಬಿಗಿಮಾಡಿ ಬಿಡು ಎಂದರು. ಮತ್ತೆ ಎದ್ದಿತು.

ಕಬ್ಬಿಣವನ್ನು ಮರದಿಂದ ಬೇರ್ಪಡಿಸಿ ನೋಡಿದಾಗ ಕಾರಣ ಕಂಡಿತು. ಮುಂದಿನ ಸ್ಕ್ರೂ ಹಾದುಹೋಗುವ ಜಾಗದ ಮರ ಕಪ್ಪಗಾಗಿ, ಉಗುರು ಒತ್ತಿದರೆ ಇಳಿಯುವಷ್ಟು ಮೆತ್ತಗಾಗಿತ್ತು. ಎಣ್ಣೆ. ಅರವತ್ತು ವರ್ಷ ಈ ಕೋವಿ ಮೂತಿ ಮೇಲಾಗಿ ಗೋಡೆಗೆ ಒರಗಿ ನಿಂತಿದೆ. ಪ್ರತಿ ಕೈಲು ಮುಹೂರ್ತಕ್ಕೆ ಮೊದಲು, ಆಮೇಲೆ, ಮಳೆ ಹಿಡಿದಾಗಲೆಲ್ಲ, ಧಾರಾಳವಾಗಿ ಎಣ್ಣೆ. ನಳಿಗೆಗೆ ಹಚ್ಚಿದ ಎಣ್ಣೆ ನಿಧಾನವಾಗಿ ಇಳಿದು ಮರದ ಗೂಡಿನಲ್ಲಿ ಸೇರಿ, ಅಲ್ಲೇ ಉಳಿದು, ಮರವನ್ನು ಕೊಳೆಸಿತ್ತು. ಸ್ಕ್ರೂ ಎಷ್ಟು ಬಿಗಿಮಾಡಿದರೂ ಮೆತ್ತಗಿನ ಮರದೊಳಗೆ ಕಬ್ಬಿಣ ಇಳಿಯುತ್ತಿತ್ತೇ ಹೊರತು ನಿಲ್ಲುತ್ತಿರಲಿಲ್ಲ. ಒಂದು ಗುಂಡಿಗೆ ಕೆಳಗೆ ಕೂತರೆ, ಉಬ್ಬಿದ ಎಡಗಡೆಯ ಮರ ತಳ್ಳಿದಾಗ ಮೇಲೆ. ಅಜ್ಜನ ಕೋವಿ ಎಂದು ಇಷ್ಟು ಮುತುವರ್ಜಿಯಿಂದ ನೋಡಿಕೊಳ್ಳದೇ ಇದ್ದಿದ್ದರೆ ನಳಿಗೆ ತುಕ್ಕು ಹಿಡಿಯುತ್ತಿತ್ತೋ ಏನೋ, ಮರ ಮಾತ್ರ ಗಟ್ಟಿಯಾಗಿರುತ್ತಿತ್ತು.

ದುರಸ್ತಿ ಮಡಿಕೇರಿಯಲ್ಲಿ ಲೈಸೆನ್ಸ್ ಇರುವ ಒಬ್ಬ ಹಿರಿಯ ಕೋವಿ ರಿಪೇರಿಯವರ ಕೈಯಲ್ಲಿ ಆಯಿತು. ಅವರು ಮರ ನೋಡಿದ ಕೂಡಲೇ ನಕ್ಕರು. ‘ನಮ್ಮಲ್ಲಿಗೆ ಬರುವ ಅರ್ಧ ಕೋವಿಗಳ ಕಥೆ ಇದೇ, ಪೂಜೆ ಜಾಸ್ತಿ’ ಎಂದರು. ಕೆಟ್ಟ ಮರವನ್ನು ಉಳಿಯಿಂದ ಕೆತ್ತಿ ತೆಗೆದರು. ಉಳಿದ ಮರಕ್ಕೆ ಸೀಮೆಸುಣ್ಣದ ಪುಡಿ ಕಲಸಿ ಮೆತ್ತಿ, ಬಿಸಿಯ ಹತ್ತಿರ ಇಟ್ಟು, ಎಣ್ಣೆ ಮೇಲೆ ಬಂದ ಹಾಗೆಲ್ಲ ಪುಡಿ ಬದಲಿಸುತ್ತಾ ನಾಲ್ಕು ದಿನ ಎಳೆದರು. ಆಮೇಲೆ ಸ್ಕ್ರೂಗಳು ಹೋಗುವಲ್ಲಿ ಅಲ್ಯೂಮಿನಿಯಂ ಕೊಳವೆ ಕೂರಿಸಿ, ಸುತ್ತ ಎಪಾಕ್ಸಿ ತುಂಬಿ, ಕಬ್ಬಿಣಕ್ಕೆ ಅಂಟದಂತೆ ಮೇಣ ಬಳಿದು, ಅದರ ಅಚ್ಚಿನಲ್ಲೇ ಒಣಗಲು ಬಿಟ್ಟರು. ಈಗ ಸ್ಕ್ರೂ ಬಿಗಿಯುವುದು ಲೋಹವನ್ನು ಲೋಹಕ್ಕೆ, ನಡುವೆ ಮರ ಉಬ್ಬಿದರೂ ಕುಗ್ಗಿದರೂ ಅದಕ್ಕೆ ಸಂಬಂಧವಿಲ್ಲ. ನಳಿಗೆಯ ತೋಡನ್ನು ಮರಳುಕಾಗದದಿಂದ ಉಜ್ಜಿ, ನೋಟು ಎರಡು ಮಡಿಕೆಯಾಗಿ ಹಾದುಹೋಗುವಷ್ಟು ಬಿಡಿಸಿ, ಬರಿ ಮರ ಕಂಡಲ್ಲೆಲ್ಲ ವಾರ್ನಿಷ್ ಹಚ್ಚಿದರು.

ಕೈಲು ಮುಹೂರ್ತಕ್ಕೆ ಎರಡು ದಿನ ಮುಂಚೆ ಮತ್ತೆ ಕಣದಲ್ಲಿ ಮೇಜು ಹಾಕಿದೆವು. ದೊಡ್ಡಪ್ಪ ಐದು ಗುಂಡು ಹೊಡೆದರು: 30 ಮಿ.ಮೀ. ಇನ್ನೈದು: 28. ಒಂದೇ ಗುಂಪು. ಆದರೆ ಗುಂಪಿನ ಮಧ್ಯ ಗುರಿಯಿಂದ ಏಳು ಸೆಂಟಿಮೀಟರ್ ಕೆಳಗೆ, ಎಡಕ್ಕೆ ಇತ್ತು. ಎರಡು ವರ್ಷ ಎಲ್ಲರೂ ತಿರುಪು ತಿರುಗಿಸಿದ್ದರ ಫಲ. ಈಗ ಮಾತ್ರ ಕ್ಲಿಕ್ ತಿರುಗಿಸಲು ಅರ್ಥವಿತ್ತು. ಹದಿನಾಲ್ಕು ಮೇಲಕ್ಕೆ, ಹದಿನಾಲ್ಕು ಬಲಕ್ಕೆ.

ಇಲ್ಲಿ ಒಂದು ಲೆಕ್ಕವನ್ನು ಮುಚ್ಚಿಡದೆ ಹೇಳಬೇಕು. ಚೀಲದ ಮೇಲಿಟ್ಟು ಹೊಡೆಯುವುದು ಕೋವಿಯ ಪರೀಕ್ಷೆ. ನಿಂತು ಹೊಡೆಯುವುದು ಮನುಷ್ಯನ ಪರೀಕ್ಷೆ. ನಿಂತು ಹೊಡೆದಾಗ ದೊಡ್ಡಪ್ಪನ ಐದು ಗುಂಡು ಸುಮಾರು 13 ಸೆಂಟಿಮೀಟರ್ ಹರಡುತ್ತವೆ. 28ರ ಹುಡುಗನದು 9. ಕೋವಿ ಸರಿಯಾದ ಮಾತ್ರಕ್ಕೆ ಈ ಅಂತರ ಮುಚ್ಚುವುದಿಲ್ಲ. ಕೋವಿಯ ಚದುರುವಿಕೆ ಮತ್ತು ಕೈಯ ಚದುರುವಿಕೆ ನೇರವಾಗಿ ಕೂಡಿಕೊಳ್ಳುವುದೂ ಇಲ್ಲ, ವರ್ಗಗಳಾಗಿ ಕೂಡುತ್ತವೆ. ಹಾಗಾಗಿ ದೊಡ್ಡದು ಯಾವುದೋ ಅದರದೇ ದರಬಾರು. ನಮ್ಮ ಕೋವಿ ಮಾಡಿದ ದೊಡ್ಡ ಕೇಡು ಚದುರಿಸಿದ್ದಕ್ಕಿಂತ, ಮಧ್ಯವನ್ನು ಎಲ್ಲಿದೆ ಎಂದು ಯಾರಿಗೂ ತಿಳಿಯದ ಹಾಗೆ ಮಾಡಿದ್ದು. ಮಧ್ಯ ಏಳು ಸೆಂಟಿಮೀಟರ್ ಜಾರಿದ ಕೋವಿಯಲ್ಲಿ ಅವರಿಗೆ ತೆಂಗಿನಕಾಯಿ ತಾಗುವುದು ಹೆಚ್ಚುಕಡಿಮೆ ಆರಕ್ಕೊಂದು. ಸರಿಯಾದ ಕೋವಿಯಲ್ಲಿ ಎರಡಕ್ಕೊಂದು. ಅವರ ಕಣ್ಣಿನಲ್ಲಿ ಪೊರೆ ಇಲ್ಲವೆಂದಲ್ಲ. ಇದೆ. ಆದರೆ ಅವರ ಮೇಲೆ ಹೊರಿಸಿದ ಭಾರದಲ್ಲಿ ಹೆಚ್ಚಿನ ಪಾಲು ಒಂದು ಹಿಡಿ ಎಣ್ಣೆ ಮರದ್ದು.

ಇದನ್ನು ನಾನು ಅವರಿಗೆ ಇದೇ ರೀತಿ ಹೇಳಿದೆ, ಆರಕ್ಕೊಂದು, ಎರಡಕ್ಕೊಂದು ಎಂದು. ಸಮಾಧಾನದ ಮಾತು ಅವರಿಗೆ ಬೇಕಿರಲಿಲ್ಲ, ಎರಡು ವರ್ಷ ಅದನ್ನೇ ಕೇಳಿ ಸಾಕಾಗಿತ್ತು. ‘ಎರಡಕ್ಕೊಂದು ಪರವಾಗಿಲ್ಲ’ ಎಂದರು.

ಸೆಪ್ಟೆಂಬರ್ 3ಕ್ಕೆ ಮೈದಾನದಲ್ಲಿ ಮೊದಲ ಗುಂಡು ಬಲಕ್ಕೆ ಹೋಯಿತು. ಜನ ಆಗಲೇ ಬೇರೆ ಮಾತಿಗೆ ತಿರುಗಿದ್ದರು. ಎರಡನೆಯದಕ್ಕೆ ಕಾಯಿ ಒಡೆದು ನೀರು ಚಿಮ್ಮಿತು. ಮೂರನೆಯದು ತಪ್ಪಿತು. ಗೆದ್ದದ್ದು ಪಕ್ಕದ ತೋಟದ ಹುಡುಗನೇ. ದೊಡ್ಡಪ್ಪ ಕೋವಿಯನ್ನು ಹೆಗಲಿಗೆ ಹಾಕಿಕೊಂಡು ತಾವೇ ಮನೆಗೆ ನಡೆದರು, ನನ್ನ ಕೈಗೆ ಕೊಡಲಿಲ್ಲ. ಕೋವಿ ಮಾರುವ ಮಾತು ಆಮೇಲೆ ಬಂದಿಲ್ಲ. ಕಣ್ಣಿನ ಆಪರೇಷನ್ ಡಿಸೆಂಬರಿನಲ್ಲಿ ಆಯಿತು.

ಈಗ ನಮ್ಮ ಮನೆಯಲ್ಲಿ ಕೋವಿ ನಿಲ್ಲುವುದು ಮೂತಿ ಕೆಳಗಾಗಿ, ಮಡಿಸಿದ ಹಳೆ ಬಟ್ಟೆಯ ಮೇಲೆ. ಎಣ್ಣೆ ಬಟ್ಟೆಗೆ ಎರಡು ಹನಿ, ಬಟ್ಟೆಯಿಂದ ಕಬ್ಬಿಣಕ್ಕೆ; ನೇರವಾಗಿ ಸುರಿಯುವುದು ನಿಂತಿದೆ. ಮುಂದಿನ ಸ್ಕ್ರೂವಿನ ತಲೆಯ ಮೇಲೂ ಪಕ್ಕದ ಲೋಹದ ಮೇಲೂ ಒಂದೇ ಸಾಲಿನಲ್ಲಿ ಉಗುರುಬಣ್ಣದ ಗೆರೆ ಎಳೆದಿದ್ದೇವೆ, ಸ್ಕ್ರೂ ಕದಲಿದರೆ ಗೆರೆ ಒಡೆದು ಕಾಣುತ್ತದೆ. ಮಾರ್ಚಿನಲ್ಲೊಮ್ಮೆ, ಆಗಸ್ಟಿನಲ್ಲೊಮ್ಮೆ ಐದೈದು ಗುಂಡಿನ ಎರಡು ಗುಂಪು ಹೊಡೆದು, ತಾರೀಕು, ತೋಟಾದ ಹೆಸರು, ಪೆಟ್ಟಿಗೆಯ ಮೇಲಿನ ನಂಬರು ಬರೆದು ಕಾಗದವನ್ನು ತೋಟದ ಲೆಕ್ಕದ ಪುಸ್ತಕದ ನಡುವೆ ಇಡುತ್ತಾರೆ. ನನ್ನ ಹಳೆಯ ವರ್ನಿಯರನ್ನು ಅಲ್ಲೇ ಬಿಟ್ಟು ಬಂದಿದ್ದೇನೆ. ಈ ಮಾರ್ಚಿನ ಕಾಗದದ ಫೋಟೋ ದೊಡ್ಡಪ್ಪ ವಾಟ್ಸಾಪಿನಲ್ಲಿ ಕಳಿಸಿದರು: 29 ಮತ್ತು 31. ಕೆಳಗೆ ಒಂದು ಪ್ರಶ್ನೆ, ಈ ಸ್ಕೋಪಿನ ಬದಲು 50 ಗಜದ್ದು ಪುಣೆಯಲ್ಲಿ ಎಷ್ಟಕ್ಕೆ ಸಿಗುತ್ತದೆ, ವಿಚಾರಿಸು ಎಂದು.